ಮಾತು ಬಂದಾಗ ಅವಳು ಕೇಳಿದ್ದು

ಐಸಿಯುನಲ್ಲಿ ಅವಳನ್ನು ಎಲ್ಲರೂ ಚುರುಕಮ್ಮ ಅಂತಲೇ ಕರೆಯುತ್ತಿದ್ದರು. ಆ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಬೇರೆಯವರಿಗೆ ಸಿಗದ ನರ ಅವಳ ಬೆರಳಿಗೆ ಸಿಗುತ್ತಿತ್ತು. ಮೂರು ಜನ ಸೇರಿ ಮಗ್ಗುಲು ಬದಲಿಸಬೇಕಾದ ಭಾರೀ ಆಳನ್ನು ಬೆಡ್‌ಶೀಟ್ ಎಳೆಯುವ ಒಂದು ಉಪಾಯದಿಂದ ಒಬ್ಬಳೇ ತಿರುಗಿಸಿಬಿಡುತ್ತಿದ್ದಳು. ಡ್ಯೂಟಿಯಲ್ಲಿ ಅವಳ ಜೊತೆ ಬಿದ್ದ ಹೊಸ ನರ್ಸುಗಳು, ಸದ್ಯ, ಇವತ್ತು ಬದುಕಿದೆವು ಅಂದುಕೊಳ್ಳುತ್ತಿದ್ದರು.

ಇಂಥ ಚುರುಕಮ್ಮ ಒಂದು ಮಧ್ಯಾಹ್ನ ಅಲಾರಾಂನ ಬಾಯಿ ಮುಚ್ಚಿಸಿದಳು.

ಐಸಿಯು ಒಳಗೆ ಕಾಲಿಡದ ಅದೃಷ್ಟವಂತರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ಪ್ರತಿ ಮಂಚದ ತಲೆದಿಕ್ಕಿಗೂ ಒಂದು ಮಾನಿಟರ್ ಇರುತ್ತದೆ. ರೋಗಿ ಕೆಮ್ಮಿದರೆ ಅದು ಕೂಗುತ್ತದೆ, ಮಗ್ಗುಲಾದರೆ ಕೂಗುತ್ತದೆ, ಬೆರಳಿನ ಕ್ಲಿಪ್ಪು ಜಾರಿದರೂ ಕೂಗುತ್ತದೆ. ಬಹಳ ಸಲ ಸುಮ್ಮಸುಮ್ಮನೆ ಕೂಗುತ್ತದೆ. ವರ್ಷಗಟ್ಟಲೆ ಕೇಳಿದವರ ಬೆರಳು ತಾನಾಗಿಯೇ ಹೋಗಿ ಗುಂಡಿ ಒತ್ತಿ ಅದನ್ನು ಸುಮ್ಮನಾಗಿಸುತ್ತದೆ, ಆದರೆ ಬೆರಳಿನ ಜೊತೆ ಕಣ್ಣೂ ಹೋಗಿ ಅಂಕಿ ನೋಡಲೇಬೇಕು. ಆ ದಿನ ಬೆರಳು ಹೋಯಿತು, ಕಣ್ಣು ಹೋಗಲಿಲ್ಲ. ಏಣಿಯಿಂದ ಬಿದ್ದು ಬಂದಿದ್ದ ಒಬ್ಬ ಪೇಂಟರ್ ವೆಂಟಿಲೇಟರ್ ಮೇಲಿದ್ದ, ಗಂಟಲಿನ ಕೊಳವೆಯಲ್ಲಿ ಕಫ ಕಟ್ಟಿಕೊಂಡು ಅವನ ಉಸಿರು ಸಿಕ್ಕಿಹಾಕಿಕೊಂಡಿತ್ತು. ಪಕ್ಕದ ಮಂಚಕ್ಕೆ ಔಷಧಿ ಕೊಡುತ್ತಿದ್ದ ಚುರುಕಮ್ಮ ಹಿಂದಕ್ಕೆ ಕೈ ಚಾಚಿ, ತಿರುಗಿಯೂ ನೋಡದೆ ಗುಂಡಿ ಒತ್ತಿದಳು. ಎದುರು ಸಾಲಿನ ಕಿರಿಯ ನರ್ಸ್ ಓಡಿ ಬರದಿದ್ದರೆ ಪೇಂಟರನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕಫ ಎಳೆದರು, ನೀಲಿಗಟ್ಟಿದ ತುಟಿಗೆ ಬಣ್ಣ ಬಂತು, ಡಾಕ್ಟರು ಕೂಗಾಡಿದರು. ಕೂಗಾಡಬೇಕಾದದ್ದೇ.

ಎಲ್ಲರೂ ಚುರುಕಮ್ಮ ಅಳುತ್ತಾಳೆ ಅಂತ ಕಾದರು. ಅವಳು ಆ ಹೊತ್ತಿನಲ್ಲಿ ಯೋಚಿಸುತ್ತಿದ್ದುದು ಏನು ಗೊತ್ತೇ? ಬೆಳಗ್ಗೆ ತಂದ ಡಬ್ಬಿಯ ಊಟ ಈ ಸೆಕೆಗೆ ಹಳಸಿರಬಹುದಾ ಅಂತ. ಎದೆ ಧಸಕ್ಕೆನ್ನಲಿಲ್ಲ, ಕೈ ನಡುಗಲಿಲ್ಲ. ಮನೆಗೆ ಹೋಗಿ ಗೊರಕೆ ಹೊಡೆದು ಮಲಗಿದಳು. ಕೆಲವು ದಿನಕ್ಕೆ ಪೇಂಟರನನ್ನು ಮೇಲಿನ ವಾರ್ಡಿಗೆ ಕಳಿಸಿದರು, ಆ ದಿನ ಅವಳಿಗೆ ರಜೆ ಇತ್ತು. ಮರುದಿನ ಬಂದು ಆ ಮಂಚದಲ್ಲಿ ಬೇರೆ ಯಾರನ್ನೋ ಕಂಡಳು, ಅವನು ಏನಾದ ಅಂತ ಕೇಳಲಿಲ್ಲ.

ಮನೆಯಲ್ಲೂ ಅದೇ ಕಥೆ. ಮಗಳು ಸೈಕಲ್ಲಿನಿಂದ ಬಿದ್ದು ಮೊಣಕಾಲು ಸುಲಿದುಕೊಂಡು ಬಂದಾಗ ಚುರುಕಮ್ಮ ತೊಳೆದು, ಮುಲಾಮು ಹಚ್ಚಿ, ಬ್ಯಾಂಡೇಜ್ ಕಟ್ಟಿ, ಮುಂದಿನವರು ಯಾರು ಅನ್ನುವ ಹಾಗೆ ಎದ್ದು ಹೋದಳು. ಮಗಳು ಅಜ್ಜಿಯ ಹತ್ತಿರ ಹೋಗಿ, ಅಮ್ಮ ಒಂದು ಸಲಾನೂ ಅಯ್ಯೋ ಅನ್ನಲಿಲ್ಲ ಅಂತ ದೂರು ಹೇಳಿದಳು. ಅತ್ತೆ ಬಾಯಿ ಬಿಟ್ಟರೆ ಬಿಟ್ಟ ಬಾಣ. ಅವರು ಕೂಡ ಅವತ್ತು ಏನೂ ಅನ್ನದೆ ಸೊಸೆಯ ಮುಖವನ್ನೇ ನೋಡುತ್ತಾ ಕೂತರು. ಅದು ಬೈಗುಳಕ್ಕಿಂತ ಜೋರಾಗಿ ತಾಕಿತು.

ಚುರುಕಮ್ಮ ಸುಳ್ಳು ಹೇಳುವ ಹೆಂಗಸಲ್ಲ, ತನಗೂ ಹೇಳಿಕೊಳ್ಳುವವಳಲ್ಲ. ಕರುಣೆ ಒಣಗಿದ ನರ್ಸಿಗಿಂತ ನರ್ಸ್ ಇಲ್ಲದಿರುವುದೇ ವಾಸಿ ಅಂತ ತೀರ್ಮಾನ ಮಾಡಿದಳು. ಮೇಟ್ರನ್ ಹತ್ತಿರ ಹೋಗಿ, ಕೆಲಸ ಬಿಡುತ್ತೇನೆ ಅಂದಳು. ಮೇಟ್ರನ್ ಹಳೆಯ ತಲೆ. ತಿಂಗಳ ಕೊನೆಯವರೆಗೆ ತಡಿ, ಅಲ್ಲಿಯವರೆಗೆ ಮಾನಸಿಕ ವಾರ್ಡಿನಲ್ಲಿ ಕೆಲಸ ಮಾಡು, ಅಲ್ಲಿಯ ಸಿಸ್ಟರಿಗೆ ನರ್ಸುಗಳನ್ನು ನೋಡಿಕೊಳ್ಳುವ ಜವಾಬ್ದಾರಿಯನ್ನೂ ಕೊಟ್ಟಿದ್ದೇವೆ, ಆಮೇಲೂ ಬಿಡಬೇಕು ಅನ್ನಿಸಿದರೆ ನಾನು ತಡೆಯುವುದಿಲ್ಲ ಅಂದರು. ಚುರುಕಮ್ಮನಿಗೆ ಮೈಯೆಲ್ಲ ಉರಿಯಿತು. ರೋಗಿಗಳನ್ನು ನೋಡೋಕೇ ನರ್ಸಿಲ್ಲ, ನರ್ಸನ್ನು ನೋಡೋಕೊಬ್ಬ ನರ್ಸಂತೆ! ತನ್ನ ತಲೆ ಕೆಟ್ಟಿದೆ ಅಂತ ಇವರೆಲ್ಲ ಸೇರಿ ಸುತ್ತಿ ಬಳಸಿ ಹೇಳುತ್ತಿದ್ದಾರೆ ಅಂದುಕೊಂಡಳು. ಆದರೂ ಹೋದಳು. ಹೋಗದೆ ಮನೆಯಲ್ಲಿ ಕೂತು ಅತ್ತೆಯ ನೋಟ ಎದುರಿಸುವವರು ಯಾರು?

ಆ ವಾರ್ಡಿನ ಸಿಸ್ಟರಿಗೆ ಆಸ್ಪತ್ರೆಯವರೆಲ್ಲ ಕುರ್ಚಿ ಸಿಸ್ಟರ್ ಅನ್ನುತ್ತಿದ್ದರು. ದಪ್ಪ ಕನ್ನಡಕದ, ನಿವೃತ್ತಿಗೆ ಹತ್ತಿರವಾದ ಹೆಂಗಸು. ಒಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಈ ರೋಗಿಯ ಪಕ್ಕದಿಂದ ಆ ರೋಗಿಯ ಪಕ್ಕಕ್ಕೆ ಹೋಗಿ ಕೂರುವುದೇ ಅವರ ಕೆಲಸ. ಕೂತು ಸಂಬಳ ತಿನ್ನುವ ವಾರ್ಡು ಅಂತ ಬೇರೆ ವಾರ್ಡಿನವರು ಹಿಂದಿನಿಂದ ನಗುತ್ತಿದ್ದರು, ಚುರುಕಮ್ಮನೂ ನಕ್ಕವಳೇ. ಮೊದಲ ದಿನ ಆ ಸಿಸ್ಟರ್ ಏನು ಕೇಳುತ್ತಾರೋ ಅಂತ ಇವಳು ಉತ್ತರ ಕಟ್ಟಿಕೊಂಡು ಹೋಗಿದ್ದಳು. ಅವರು ಊಟ ಆಯಿತಾ ಅಂತ ಕೇಳಿದರು. ಆಯಿತು ಅಂದಿದ್ದಕ್ಕೆ, ಸುಳ್ಳು, ಇನ್ನೂ ಹನ್ನೊಂದು ಗಂಟೆ ಅಂದರು. ಅಲಾರಾಂ ಸುದ್ದಿ ಎತ್ತಲೇ ಇಲ್ಲ.

ಎರಡನೇ ದಿನ ಚುರುಕಮ್ಮನೇ ತಡೆಯಲಾರದೆ, ನನಗೇನೂ ಅನ್ನಿಸುತ್ತಿಲ್ಲ ಸಿಸ್ಟರ್, ಅದೇ ನನ್ನ ಕಾಯಿಲೆ ಅಂದಳು. ಕುರ್ಚಿ ಸಿಸ್ಟರ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಅದು ಕಾಯಿಲೆಯಲ್ಲ, ದಣಿವು, ಕಾಲು ದಣಿಯುವ ಹಾಗೆ ಕರುಣೆಯೂ ದಣಿಯುತ್ತದೆ, ಪ್ರತಿ ವಾರ್ಡಿನಲ್ಲೂ ಇಬ್ಬರು ಮೂವರು ನಿನ್ನಂಥವರು ಇದ್ದಾರೆ, ಹೇಳಿಕೊಂಡವಳು ನೀನೊಬ್ಬಳೇ ಅಂದರು. ವಾಸಿಯಾಗುತ್ತದಾ ಅಂತ ಇವಳು ಕೇಳಿದಳು. ಅದಕ್ಕೆ ಅವರು, ಬಾ, ಕೆಲಸ ತೋರಿಸ್ತೀನಿ ಅಂತ ಮೂಲೆಯ ಕೋಣೆಗೆ ಕರೆದುಕೊಂಡು ಹೋದರು.

ಕೋಣೆಯಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಒಬ್ಬ ಹೆಂಗಸು ಕೂತಿದ್ದಳು. ಬಟ್ಟೆ ಹೊಲಿಯುವವಳಂತೆ, ಅದಕ್ಕೇ ವಾರ್ಡಿನಲ್ಲಿ ಟೈಲರಮ್ಮ ಅನ್ನುತ್ತಿದ್ದರು. ಒಂದು ಬೆಳಗ್ಗೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಹಾಗೇ ಕಲ್ಲಾಗಿದ್ದಳು. ಮಾತಿಲ್ಲ, ಚಲನೆಯಿಲ್ಲ. ತಂಗಿ ಎತ್ತಿಕೊಂಡು ಬಂದು ಸೇರಿಸಿದ್ದಳು. ಡಾಕ್ಟರು ದಿನಾ ಸೂಜಿ ಚುಚ್ಚುತ್ತಿದ್ದರು, ಎಷ್ಟು ಔಷಧಿ ಬೇಕು ಅಂತ ಇನ್ನೂ ಅದರ ಅಳತೆ ಹಿಡಿಯಲು ನೋಡುತ್ತಿದ್ದರು. ಚಮಚ ತುಟಿಗೆ ತಾಗಿಸಿದರೆ ಒಮ್ಮೊಮ್ಮೆ ನುಂಗುತ್ತಿದ್ದಳು, ಉಳಿದಂತೆ ಡ್ರಿಪ್ಪೇ ಗತಿ. ಅವಳ ಪಕ್ಕ ಕೂರುವುದು, ಗಂಟಲು ಒಣಗದ ಹಾಗೆ ನೋಡಿಕೊಳ್ಳುವುದು, ಮಾತಾಡುತ್ತಾ ಇರುವುದು, ಇಷ್ಟೇ ಚುರುಕಮ್ಮನ ಕೆಲಸ.

“ಎಲ್ಲಾ ಕೇಳಿಸ್ತಿರುತ್ತೆ ಅವಳಿಗೆ, ನೆನಪಿಟ್ಟುಕೋ” ಅಂತ ಹೇಳಿ ಕುರ್ಚಿ ಸಿಸ್ಟರ್ ತಮ್ಮ ಕುರ್ಚಿ ಎತ್ತಿಕೊಂಡು ಹೋದರು.

ಚುರುಕಮ್ಮ ಮನಸ್ಸಿನಲ್ಲೇ ನಕ್ಕಳು. ಇದೇ ಮಾತನ್ನು ಅವಳು ಐಸಿಯುನಲ್ಲಿ ಎಷ್ಟು ಜನಕ್ಕೆ ಹೇಳಿಲ್ಲ! ಪ್ರಜ್ಞೆಯಿಲ್ಲದ ಅಪ್ಪನ ಮುಂದೆ ನಿಂತ ಮಗನಿಗೆ, ಗಂಡನ ಕೈ ಹಿಡಿದು ನಿಂತ ಹೆಂಡತಿಗೆ, ಮಾತಾಡಿ, ಅವರಿಗೆ ಕೇಳಿಸುತ್ತೆ ಅಂತ ಹೇಳಿ ಹೇಳಿ ಬಾಯಿಪಾಠವಾಗಿತ್ತು. ಬಂದವರಿಗೆ ಸಮಾಧಾನವಾಗಲಿ ಅಂತ ಹೇಳುವ ಮಾತದು, ತಾನು ಒಂದು ದಿನವೂ ನಂಬಿದ್ದಿಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅವತ್ತೇ ಅವಳಿಗೆ ಒಂದು ವಿಚಿತ್ರ ಕಂಡಿತು. ಬಿಪಿ ನೋಡಲು ಟೈಲರಮ್ಮನ ತೋಳು ಎತ್ತಿ ಪಟ್ಟಿ ಕಟ್ಟಿದಳು, ನೋಡಿ ಬಿಚ್ಚಿದಳು, ಪಟ್ಟಿ ಸುತ್ತಿಡಲು ಆ ಕಡೆ ತಿರುಗಿದಳು. ಮತ್ತೆ ಈ ಕಡೆ ತಿರುಗಿದರೆ ತೋಳು ಗಾಳಿಯಲ್ಲೇ ನಿಂತಿದೆ. ಬಿಟ್ಟ ಜಾಗದಲ್ಲೇ, ಬಿಟ್ಟ ಹಾಗೇ, ಯಾರೋ ಅದೃಶ್ಯರು ಹಿಡಿದುಕೊಂಡಂತೆ. ಐಸಿಯುನಲ್ಲಿ ಬಿಟ್ಟ ಕೈ ದೊಪ್ಪೆಂದು ಬೀಳುತ್ತದೆ, ಅವಳು ಕಂಡದ್ದೆಲ್ಲ ಬೀಳುವ ಕೈಗಳೇ. ಚುರುಕಮ್ಮ ಆ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಕೆಳಗಿಳಿಸಿ ತೊಡೆಯ ಮೇಲಿಟ್ಟಳು. ಬಹಳ ದಿನದ ಮೇಲೆ ಅವಳ ಮೈ ಜುಮ್ಮೆಂದಿತು, ಆದರೆ ಅದು ಕರುಣೆಯಲ್ಲ, ಬೆರಗು ಅಂತ ಅವಳೇ ಲೆಕ್ಕ ಹಾಕಿಕೊಂಡಳು.

ಮಾತಾಡು ಅಂದರೆ ಏನು ಮಾತಾಡುವುದು? ಮೊದಲು ತರಕಾರಿ ರೇಟು ಹೇಳಿದಳು. ಆಮೇಲೆ ಅತ್ತೆಯ ಪುರಾಣ. ಸ್ನಾನದ ಮನೆ ನಲ್ಲಿ ಸೋರುವುದು, ಗಂಡ ಅದನ್ನು ಇವತ್ತು ನಾಳೆ ಅಂತ ಎಳೆಯುವುದು. ಕೇಳುವವಳು ಹೂಂ ಅನ್ನುವುದಿಲ್ಲ, ಊಹೂಂ ಅನ್ನುವುದಿಲ್ಲ, ನಡುವೆ ಬಾಯಿ ಹಾಕಿ ನಮ್ಮನೇಲೂ ಹಾಗೇ ಅನ್ನುವುದಿಲ್ಲ. ಗೋಡೆಗೆ ಹೇಳಿಕೊಂಡ ಹಾಗೆ. ಗೋಡೆಯ ಮುಂದೆ ಯಾರಿಗೆ ನಾಚಿಕೆ? ದಿನ ಕಳೆದ ಹಾಗೆ ಒಳಗಿನದೂ ಹೊರಬಿತ್ತು. ಮಗಳ ಮೊಣಕಾಲಿನ ಕಥೆ ಹೇಳಿದಳು. ಸತ್ತವರ ಮೈ ಒರೆಸುವಾಗ ಮನೆಯ ಸಾಮಾನಿನ ಪಟ್ಟಿ ನೆನಪಾಗುತ್ತದೆ ಅಂತ ಹೇಳಿದಳು. ಕೊನೆಗೊಂದು ದಿನ ಪೇಂಟರನ ಸುದ್ದಿ ತೆಗೆದಳು. ಅಲಾರಾಂ ಕೂಗಿದ್ದು, ತಾನು ನೋಡದೆ ಒತ್ತಿದ್ದು, ಅವನ ತುಟಿ ನೀಲಿಗಟ್ಟಿದ್ದು, ಕಿರಿಯವಳು ಓಡಿ ಬಂದಿದ್ದು. ಅಷ್ಟರಲ್ಲಿ ರೌಂಡ್ಸಿಗೆ ಡಾಕ್ಟರು ಬಂದರು. ಚುರುಕಮ್ಮ ಮಾತನ್ನು ಅಲ್ಲಿಗೇ ಬಿಟ್ಟು ಎದ್ದು ನಿಂತಳು. ಮರುದಿನ ಮತ್ತೆ ಆ ಸುದ್ದಿ ಎತ್ತಲು ಬೇಜಾರಾಗಿ ನಲ್ಲಿಯ ಕಥೆಗೇ ಮರಳಿದಳು.

ತಿಂಗಳ ಕೊನೆ ಹತ್ತಿರ ಬಂದಿತ್ತು. ಅವಳ ತೀರ್ಮಾನ ಬದಲಾಗಿರಲಿಲ್ಲ, ಮನೆಯಲ್ಲೂ ಹೇಳಿ ಆಗಿತ್ತು. ಅಂಥ ಒಂದು ಬೆಳಗ್ಗೆ ಡಾಕ್ಟರು ಸೂಜಿಯ ಅಳತೆ ಹೆಚ್ಚಿಸಿ ಚುಚ್ಚಿ ಹೋದರು. ಕುರ್ಚಿ ಸಿಸ್ಟರ್ ತಮ್ಮ ಕುರ್ಚಿ ತಂದು ಈ ಪಕ್ಕ ಕೂತರು, ಆ ಪಕ್ಕ ಚುರುಕಮ್ಮ. ಏನೂ ಮಾಡಬೇಡ, ಸುಮ್ಮನೆ ನೋಡು ಅಂದರು. ಚುರುಕಮ್ಮನಿಗೆ ಏನೂ ಮಾಡದೆ ನೋಡುವುದು ಗೊತ್ತಿಲ್ಲ, ಕೈ ಕಟ್ಟಿಕೊಂಡು ಕೂತಳು.

ಮೊದಲು ರೆಪ್ಪೆ ಬಡಿಯಿತು. ಅದುವರೆಗೆ ಬಡಿಯುತ್ತಲೇ ಇರಲಿಲ್ಲ ಅಂತಲ್ಲ, ಆದರೆ ಈಗ ಬಡಿದಾಗ ಅದರ ಹಿಂದೆ ಯಾರೋ ಇದ್ದರು. ತೊಡೆಯ ಮೇಲಿದ್ದ ಹೆಬ್ಬೆರಳು ತೋರುಬೆರಳನ್ನು ಉಜ್ಜಿತು, ದಾರದ ತುದಿ ಹೊಸೆಯುವ ಹಾಗೆ. ಹೆಗಲು ಇಳಿಯಿತು. ಎದೆ ತುಂಬ ಒಂದು ಉಸಿರು ಬಂತು. ಚುರುಕಮ್ಮ ಸಾವಿರ ಸಾವು ನೋಡಿದ್ದಳು, ಮನುಷ್ಯ ಮೈಯಿಂದ ಹೊರಗೆ ಹೋಗುವುದನ್ನು ಎದುರಿಗೇ ಕಂಡಿದ್ದಳು. ಮನುಷ್ಯ ಮೈಯೊಳಕ್ಕೆ ವಾಪಸ್ಸು ಬರುವುದನ್ನು ಕಂಡಿದ್ದು ಇದೇ ಮೊದಲು. ಅವಳಿಗೆ ಎದ್ದು ನಿಲ್ಲಬೇಕು ಅನ್ನಿಸಿತು, ಹಿರಿಯರು ಒಳಗೆ ಬಂದಾಗ ನಿಲ್ಲುವ ಹಾಗೆ. ನಿಂತಳು ಕೂಡ.

ಟೈಲರಮ್ಮನ ತುಟಿ ಅಲುಗಿತು. ನೀರು ಕೇಳುತ್ತಾಳೆ, ಇಲ್ಲ ತಂಗಿಯನ್ನು ಕೇಳುತ್ತಾಳೆ ಅಂತ ಚುರುಕಮ್ಮ ಲೋಟ ಹಿಡಿದು ಬಗ್ಗಿದಳು. ಟೈಲರಮ್ಮ ಲೋಟ ನೋಡಲಿಲ್ಲ, ಇವಳ ಮುಖ ನೋಡಿದಳು. ದನಿ ತುಕ್ಕು ಹಿಡಿದ ಬಾಗಿಲಿನ ಹಾಗಿತ್ತು.

“ಸಿಸ್ಟರ್... ಆ ಪೇಂಟರು ಬದುಕಿದ್ರಾ?”

ಲೋಟದ ನೀರು ಚುರುಕಮ್ಮನ ಕಾಲ ಮೇಲೆ ಚೆಲ್ಲಿತು.

ಅಂದರೆ ಎಲ್ಲಾ ಕೇಳಿಸಿತ್ತು. ತರಕಾರಿ ರೇಟು, ನಲ್ಲಿ, ಅತ್ತೆ, ಸತ್ತವರ ಮೈ, ಎಲ್ಲಾ. ಟೈಲರಮ್ಮ ತಡೆತಡೆದು ಹೇಳಿದಳು. ನೀವು ಅರ್ಧಕ್ಕೆ ಬಿಟ್ಟು ಎದ್ದುಬಿಟ್ರಿ. ಮರುದಿನ ಹೇಳ್ತೀರಿ ಅಂತ ಕಾದೆ, ನೀವು ನಲ್ಲಿ ವಿಷಯ ತೆಗೆದ್ರಿ. ಅಯ್ಯೋ, ನಲ್ಲಿ ಹಾಳಾಗಿ ಹೋಗಲಿ, ಆ ಮನುಷ್ಯ ಏನಾದ ಹೇಳಿ ಅಂತ ಒಳಗೆ ಕಿರುಚಿಕೊಳ್ತಿದ್ದೆ. ಬಾಯಿಗೆ ಬರ್ತಿರಲಿಲ್ಲ. ಇಷ್ಟು ಹೇಳುವಷ್ಟರಲ್ಲಿ ಅವಳ ಹಣೆ ಬೆವೆತಿತ್ತು. ಕಲ್ಲಿನ ಹಾಗೆ ಕೂತಿದ್ದ ಈ ಹೆಂಗಸು ಗುರುತು ಪರಿಚಯ ಇಲ್ಲದ ಒಬ್ಬ ಪೇಂಟರನಿಗಾಗಿ ಅಷ್ಟೂ ದಿನ ಒಳಗೊಳಗೇ ಜೀವ ತೇಯ್ದಿದ್ದಳು. ಇವಳನ್ನು ಮರದ ಕೊರಡು ಅಂದುಕೊಂಡಿದ್ದೆನಲ್ಲಾ ಅಂತ ಚುರುಕಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು.

“ಗೊತ್ತಿಲ್ಲಮ್ಮಾ” ಅಂದಳು ಅವಳು. “ನಾನು ಕೇಳಲೇ ಇಲ್ಲ.”

ಆ ಮಾತು ಬಾಯಿಂದ ಬಂದಮೇಲೆ ಅವಳಿಗೆ ಅದರ ಉದ್ದ ಅಗಲ ಗೊತ್ತಾಯಿತು. ಪೇಂಟರನೊಬ್ಬನದೇ ಅಲ್ಲ, ಬದುಕಿದ ಯಾರ ಸುದ್ದಿಯೂ ಅವಳಿಗೆ ಗೊತ್ತಿರಲಿಲ್ಲ. ಐಸಿಯುನಲ್ಲಿ ಸತ್ತವರು ಕೊನೆಯ ತನಕ ಅವಳ ಹತ್ತಿರವೇ ಇರುತ್ತಾರೆ. ಕಣ್ಣು ಮುಚ್ಚುವವಳೂ ಇವಳೇ, ಮೈ ಒರೆಸುವವಳೂ ಇವಳೇ. ಬದುಕಿದವರು ಮಾತ್ರ ಸ್ವಲ್ಪ ಚೇತರಿಸಿಕೊಂಡ ತಕ್ಷಣ, ಇನ್ನೂ ಅರೆ ಮಂಪರಿನಲ್ಲೇ, ಸ್ಟ್ರೆಚರ್ ಮೇಲೆ ಮಲಗಿಕೊಂಡೇ ಆ ದೊಡ್ಡ ಬಾಗಿಲು ದಾಟಿ ಹೋಗುತ್ತಾರೆ. ಬಾಗಿಲು ಮುಚ್ಚುತ್ತದೆ, ಹಾಸಿಗೆಗೆ ಹೊಸ ಬಟ್ಟೆ ಬೀಳುತ್ತದೆ, ಮತ್ತೊಬ್ಬರು ಬರುತ್ತಾರೆ. ಇಷ್ಟು ವರ್ಷದಲ್ಲಿ ಅವಳು ಲೆಕ್ಕವಿಲ್ಲದಷ್ಟು ಜನರನ್ನು ಉಳಿಸಿದ್ದಳು, ಉಳಿದ ಒಬ್ಬರನ್ನೂ ನೋಡಿರಲಿಲ್ಲ.

ಅವಳು ಗೋಡೆಯ ಫೋನಿನ ಕಡೆ ಹೋದಳು. ಕುರ್ಚಿ ಸಿಸ್ಟರ್ ಅಡ್ಡ ಬಂದು ಫೋನಿನ ಮೇಲೆ ಕೈ ಇಟ್ಟರು.

“ಫೋನ್ ಬೇಡ, ಹೋಗಿ ಕಣ್ಣಾರೆ ನೋಡ್ಕೊಂಡು ಬಾ” ಅಂದರು. ಆಮೇಲೆ ದನಿ ತಗ್ಗಿಸಿ, ಅಳತೆ ಹೆಚ್ಚಿಸಿದ ಮೊದಲ ಸೂಜಿಯ ಬಲ ಹೆಚ್ಚು ಹೊತ್ತು ಇರುವುದಿಲ್ಲ, ಇವಳು ಮತ್ತೆ ಮುಚ್ಚಿಕೊಂಡುಬಿಟ್ಟರೆ ಮುಂದಿನ ಸೂಜಿಯ ತನಕ ಇದನ್ನೇ ಹೊತ್ತುಕೊಂಡು ಕೂತಿರುತ್ತಾಳೆ, ಬೇಗ ಬಾ ಅಂದರು.

ಚುರುಕಮ್ಮ ಲಿಫ್ಟಿಗೆ ಕಾಯಲಿಲ್ಲ. ಮೆಟ್ಟಿಲು ಹತ್ತುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಲಿನ ವಾರ್ಡಿಗೆ ಅವಳು ಕಾಲಿಟ್ಟೇ ಇರಲಿಲ್ಲ. ಕಿಟಕಿಗಳು ತೆರೆದಿದ್ದವು, ಎಲ್ಲೋ ರೇಡಿಯೋ ಹಾಡುತ್ತಿತ್ತು, ಒಬ್ಬ ಅಜ್ಜಿ ಮಂಚದ ಮೇಲೆ ಕೂತು ಮೊಮ್ಮಗನನ್ನು ಗದರುತ್ತಿದ್ದಳು. ಪೇಂಟರನ ಮಂಚ ಯಾವುದು ಅಂತ ಕೇಳಿದಳು. ಅಲ್ಲಿನ ನರ್ಸ್ ಕೈಯಲ್ಲಿ ತೋರಿಸಿದ ಕಡೆ ನೋಡಿದರೆ ಮಂಚ ಖಾಲಿ. ಹಾಸಿಗೆ ಸುತ್ತಿಟ್ಟಿದೆ, ಬಟ್ಟೆಯಿಲ್ಲ.

ಸುತ್ತಿಟ್ಟ ಹಾಸಿಗೆಗೆ ಐಸಿಯುನವರ ಭಾಷೆಯಲ್ಲಿ ಒಂದೇ ಅರ್ಥ. ಚುರುಕಮ್ಮನ ಎದೆ ಧಸಕ್ಕೆಂದಿತು. ಮಂಚದ ಕಂಬಿ ಹಿಡಿದುಕೊಂಡಳು. ನಾನೇ ಕೊಂದೆ, ಕೆಳಗೆ ಕಾಯುತ್ತಿರುವವಳಿಗೆ ಏನು ಹೇಳಲಿ ಅನ್ನುವ ಎರಡೇ ಮಾತು ತಲೆಯಲ್ಲಿ ಸುತ್ತಿದವು.

ಹಾಸಿಗೆ ಬಿಸಿಲಿಗೆ ಹಾಕೋದಕ್ಕೆ ಸುತ್ತಿದ್ದೀವಿ ಅಂತ ಆ ನರ್ಸ್ ಹೇಳಿದ್ದು ಇವಳಿಗೆ ಎರಡನೇ ಸಲಕ್ಕೆ ಕೇಳಿಸಿತು. ಅವರು ಪಡಸಾಲೆಯಲ್ಲಿ ನಡೀತಿದ್ದಾರೆ, ಅಲ್ಲಿ ನೋಡಿ ಅಂದಳು ಆಕೆ.

ಪಡಸಾಲೆಯ ಆ ತುದಿಯಲ್ಲಿ, ಕಿಟಕಿಯ ಬೆಳಕಿನಲ್ಲಿ, ಒಬ್ಬ ಮನುಷ್ಯ ವಾಕರ್ ಹಿಡಿದು ಬೆನ್ನು ಮಾಡಿ ನಿಂತಿದ್ದ. ನಿಧಾನಕ್ಕೆ ತಿರುಗಿದ. ಒಂದೊಂದೇ ಹೆಜ್ಜೆ ಇಡುತ್ತಾ ಅವಳ ಕಡೆಗೆ ಬಂದ. ಬರುತ್ತಾ ಬರುತ್ತಾ ದೊಡ್ಡವನಾದ. ಚುರುಕಮ್ಮ ಆ ಮೈಯನ್ನು ದಿನಾ ತೊಳೆದಿದ್ದಳು, ಮಗ್ಗುಲು ಬದಲಿಸಿದ್ದಳು, ಉಗುರಿನ ಸಂದಿಯ ಬಣ್ಣ ತೆಗೆದಿದ್ದಳು. ಬೆನ್ನಿನ ಮಚ್ಚೆ ಎಲ್ಲಿದೆ ಅಂತ ಗೊತ್ತಿತ್ತು. ಆದರೆ ಇವನು ಇಷ್ಟು ಎತ್ತರದ ಮನುಷ್ಯ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಮಲಗಿದವರಿಗೆ ಎತ್ತರ ಎಲ್ಲಿಂದ ಬರಬೇಕು? ಅವಳು ಕತ್ತೆತ್ತಿ ಅವನ ಮುಖ ನೋಡಬೇಕಾಯಿತು. ತನ್ನ ರೋಗಿಯ ಮುಖವನ್ನು ಅವಳು ಜೀವಮಾನದಲ್ಲಿ ಕತ್ತೆತ್ತಿ ನೋಡಿದ್ದು ಅದೇ ಮೊದಲು.

“ಸ್ವಲ್ಪ ದಾರಿ ಬಿಡಿ ಸಿಸ್ಟರ್, ಈ ಗಾಡಿಗೆ ಬ್ರೇಕಿಲ್ಲ” ಅಂದ ಅವನು. ಅವಳ ಗುರುತು ಅವನಿಗಿರಲಿಲ್ಲ.

ಚುರುಕಮ್ಮ ಗೋಡೆಗೆ ಅಂಟಿ ನಿಂತು ದಾರಿ ಬಿಟ್ಟಳು. ಅವನು ದಾಟಿ ಹೋಗುವಾಗ ಬೆವರಿನ ವಾಸನೆ ಬಂತು, ಓಡಾಡುವ ಮನುಷ್ಯರ ಬೆವರು. ಕ್ಷಮಿಸಿ ಅನ್ನಬೇಕು ಅಂತ ಬಾಯಿ ತೆರೆದಳು. ಆದರೆ ಅವನು ಹೆಜ್ಜೆಯ ಮೇಲೆ ಗಮನವಿಟ್ಟು ನಾಲಿಗೆ ಕಚ್ಚಿಕೊಂಡು ನಡೆಯುತ್ತಿದ್ದ, ಅಂಥವನನ್ನು ತಡೆಯುವುದು ಸರಿಯಲ್ಲ ಅನ್ನಿಸಿತು. ಅದಕ್ಕೆ ಇನ್ನೊಂದು ದಿನ ಬರುತ್ತೇನೆ ಅಂದುಕೊಂಡು ಮೆಟ್ಟಿಲಿಳಿದಳು.

ಕೋಣೆಗೆ ಬಂದಾಗ ಟೈಲರಮ್ಮ ಇನ್ನೂ ಮುಚ್ಚಿಕೊಂಡಿರಲಿಲ್ಲ. ಕಣ್ಣು ಬಾಗಿಲ ಮೇಲೇ ಇತ್ತು. ಕುರ್ಚಿ ಸಿಸ್ಟರ್ ಅವಳಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಚುರುಕಮ್ಮ ಹತ್ತಿರ ಬಂದು ನಿಂತಳು. ಒಳ್ಳೆಯದೋ ಕೆಟ್ಟದ್ದೋ, ಇಂಥ ಸುದ್ದಿ ಹೇಳುವುದರಲ್ಲಿ ಅವಳದು ಎತ್ತಿದ ಕೈ. ದನಿ ಎಲ್ಲಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಲ್ಲಾ ಗೊತ್ತು.

“ಬದುಕಿದಾರಮ್ಮಾ” ಅಂದಳು. “ನಡೀತಿದಾರೆ. ತುಂಬಾ... ತುಂಬಾ ಎತ್ತರ ಇದಾರೆ...”

ಮುಂದಿನ ಮಾತಿಗೆ ಬಾಯಿ ತೆರೆದರೆ ಮಾತಿನ ಬದಲು ಅಳು ಬಂತು. ಸಣ್ಣ ಪುಟ್ಟದಲ್ಲ, ಮಕ್ಕಳು ಅಳುವ ಹಾಗೆ, ಮೂಗು ಬಾಯಿ ಎಲ್ಲಾ ಒಂದಾಗಿ. ಆ ಪೇಂಟರನಿಗಾಗಿ ಅತ್ತಳು, ಮಗಳ ಮೊಣಕಾಲಿಗಾಗಿ ಅತ್ತಳು, ಕಣ್ಣು ಮುಚ್ಚಿಸಿದವರಿಗಾಗಿ, ಬಾಗಿಲು ದಾಟಿ ಹೋಗಿ ಈಗ ಎಲ್ಲೆಲ್ಲೋ ಎತ್ತರಕ್ಕೆ ನಿಂತಿರುವ ಅಷ್ಟೂ ಜನಕ್ಕಾಗಿ ಅತ್ತಳು. ಅಳುತ್ತಾ ಅಳುತ್ತಾ ಅವಳಿಗೆ ಸಂತೋಷವೂ ಆಗುತ್ತಿತ್ತು, ಒಣಗಿಲ್ಲ, ಇನ್ನೂ ಒಣಗಿಲ್ಲ ಅಂತ. ನಿಲ್ಲಿಸಲು ನೋಡಿದಳು, ಆಗಲಿಲ್ಲ. ಡ್ಯೂಟಿಯಲ್ಲಿದ್ದೀನಿ ಅಂತ ಏನೋ ಗೊಣಗಿ ಕಣ್ಣೊರೆಸಿಕೊಂಡು ಬಾಗಿಲ ಕಡೆ ಹೊರಟಳು.

ಟೈಲರಮ್ಮನ ಕೈ ಎದ್ದಿತು. ಯಾರೂ ಎತ್ತದೆ ತಾನಾಗಿ ಎದ್ದು ಅವಳ ಸೆರಗು ಹಿಡಿಯಿತು.

“ಕೂತ್ಕೊಳ್ಳಿ ಸಿಸ್ಟರ್” ಅಂದಳು ಟೈಲರಮ್ಮ. “ಅತ್ತು ಮುಗಿಸಿ. ನಾನು ಇಲ್ಲೇ ಇರ್ತೀನಿ.”

ಕುರ್ಚಿ ಸಿಸ್ಟರ್ ಎದ್ದು, ತಮ್ಮ ಕುರ್ಚಿಯನ್ನು ಚುರುಕಮ್ಮನ ಹಿಂದಕ್ಕೆ ಸರಿಸಿದರು. ಮಧ್ಯಾಹ್ನದ ಊಟದ ಗಾಡಿ ಬಾಗಿಲಿಗೆ ಬಂದಿತ್ತು, ಅದನ್ನು ಮೊದಲು ಬೇರೆ ಕೋಣೆಗಳಿಗೆ ಕಳಿಸಿ ಬಾಗಿಲು ಮುಂದಕ್ಕೆ ಎಳೆದುಕೊಂಡರು.